ಮರಳುವ ಹೊತ್ತು ನೋಡಿ ಕಡಲಿಗಿಳಿಯುವ ದೋಣಿ

ನಾಲ್ಕಾರು ಜನ ಕೂತು, ನಸುಕಿನಲ್ಲಿ ಹೊರಟು, ಹೊತ್ತೇರುವಷ್ಟರಲ್ಲಿ ದಡ ಸೇರುವ ಸಣ್ಣ ದೋಣಿಯ ಕಸುಬಿಗೆ ಕರ್ನಾಟಕದ ಕರಾವಳಿಯಲ್ಲಿ ನಾಡದೋಣಿ ಮೀನುಗಾರಿಕೆ ಎಂದು ಹೆಸರು. ಉತ್ತರದ ಮಾಜಾಳಿಯಿಂದ ದಕ್ಷಿಣದ ತಲಪಾಡಿಯವರೆಗೆ ಸುಮಾರು 300 ಕಿಲೋಮೀಟರ್ ಉದ್ದಕ್ಕೂ, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಲ್ಲಿ ಇದು ನಡೆಯುತ್ತದೆ. ಮಲ್ಪೆ, ಮಂಗಳೂರು, ಗಂಗೊಳ್ಳಿ, ತದಡಿ, ಕಾರವಾರದ ದಕ್ಕೆಗಳಿಂದ ಹೊರಡುವ ಆಳಸಮುದ್ರದ ಬೋಟುಗಳು ಮಂಜುಗಡ್ಡೆ, ಅಕ್ಕಿ, ಡೀಸೆಲ್ ತುಂಬಿಕೊಂಡು ವಾರಗಟ್ಟಲೆ ನೀರಿನ ಮೇಲೇ ಉಳಿಯುತ್ತವೆ. ನಾಡದೋಣಿಗೆ ಆ ಸವಲತ್ತು ಇಲ್ಲ. ಅದರಲ್ಲಿ ಮಲಗಲು ಜಾಗವಿಲ್ಲ, ಅಡುಗೆಗೆ ಒಲೆಯಿಲ್ಲ, ಗಾಳಿ ಎದ್ದರೆ ಅಡಗಿಕೊಳ್ಳಲು ಸೂರಿಲ್ಲ. ಆದ್ದರಿಂದ ಅದರ ಲೆಕ್ಕವೆಲ್ಲ ಹಿಂದಿನಿಂದ ಮುಂದಕ್ಕೆ ನಡೆಯುತ್ತದೆ. ಎಷ್ಟು ಹೊತ್ತಿಗೆ ಮರಳಬೇಕು ಎಂಬುದು ಮೊದಲು ಗೊತ್ತಾಗುತ್ತದೆ. ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ದೂರ ಹೋಗಬೇಕು, ಎಷ್ಟು ಜನ ಹತ್ತಬೇಕು ಎಂಬುದೆಲ್ಲ ಆಮೇಲೆ ಅದನ್ನು ನೋಡಿ ತೀರ್ಮಾನವಾಗುತ್ತದೆ.

ಹಿಂದೆ ದೋಣಿಯೆಂದರೆ ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ್ದು, ಅಥವಾ ಹಲಗೆಗಳನ್ನು ಹುರಿಯಿಂದ ಹೊಲಿದು ಕೂಡಿಸಿದ್ದು. ಒಬ್ಬಿಬ್ಬರು ಕೂರುವ ಕಿರಿದಾದ ಪಾತಿ ದೋಣಿ ಹೊಳೆಯಲ್ಲೂ ದಡದ ಹತ್ತಿರದ ಕಡಲಲ್ಲೂ ಓಡಾಡುತ್ತಿತ್ತು. ಉತ್ತರ ಕನ್ನಡದಲ್ಲಿ ದೋಣಿಯ ಒಂದು ಮಗ್ಗುಲಿಗೆ ಎರಡು ಅಡ್ಡಗಳುಗಳ ತುದಿಯಲ್ಲಿ ತೇಲುದಿಮ್ಮಿ ಕಟ್ಟುವ ರೂಢಿ ಇತ್ತು. ಅಲೆ ಬಡಿದಾಗ ದೋಣಿ ಆ ಕಡೆಗೆ ಮಗುಚದಂತೆ ದಿಮ್ಮಿ ತಡೆಯುತ್ತಿತ್ತು. ಈಗ ಕಡಲ ದಂಡೆಯಲ್ಲಿ ಕಾಣುವುದು ಬಹುಪಾಲು ಫೈಬರ್ ದೋಣಿ. ಹಿಂಭಾಗದಲ್ಲಿ ಕಳಚಿ ತೆಗೆಯಬಹುದಾದ ಔಟ್‌ಬೋರ್ಡ್ ಎಂಜಿನ್. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿಸುವುದು ಬಹುಕಾಲದಿಂದ ನಡೆದು ಬಂದ ಪದ್ಧತಿ. ಸರ್ಕಾರ ರಿಯಾಯಿತಿ ದರದಲ್ಲಿ ಕೊಡುವ ಸೀಮೆಎಣ್ಣೆ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಊರಿನ ದೋಣಿಗಳೆಲ್ಲ ಮರಳ ಮೇಲೆ ಕೂರುತ್ತವೆ. ಎಂಜಿನ್ನಿನ ಶಕ್ತಿ 10 ಅಶ್ವಶಕ್ತಿಯೊಳಗೆ ಇರುವುದಕ್ಕೂ ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಇರುವ ನಿಷೇಧ, ಆ ಮಿತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಅನ್ವಯಿಸುವುದಿಲ್ಲ.

ದೋಣಿ ಹತ್ತುವವರು ಸಾಮಾನ್ಯವಾಗಿ ಒಂದೇ ಮನೆಯವರು ಅಥವಾ ಒಂದೇ ಕೇರಿಯವರು. ಅಣ್ಣ ತಮ್ಮ, ಅಪ್ಪ ಮಗ, ಭಾವ, ಪಕ್ಕದ ಮನೆಯ ಗೆಳೆಯ. ಅಳಿಯಸಂತಾನ ಪದ್ಧತಿ ಬಲವಾಗಿದ್ದ ಮೊಗವೀರರ ಮನೆಗಳಲ್ಲಿ ಸೋದರಮಾವ ಮತ್ತು ಅಳಿಯ ಒಂದೇ ದೋಣಿಯಲ್ಲಿರುವುದು ತೀರಾ ಸಹಜವಾಗಿತ್ತು. ಕಡಲಿನ ವಿದ್ಯೆ ಆ ದಾರಿಯಲ್ಲೇ ಕೈದಾಟುತ್ತಿತ್ತು. ಉಡುಪಿ, ದಕ್ಷಿಣ ಕನ್ನಡದಲ್ಲಿ ಮೊಗವೀರರು, ಗಂಗೊಳ್ಳಿಯಿಂದ ಭಟ್ಕಳ, ಹೊನ್ನಾವರದವರೆಗೆ ಖಾರ್ವಿಗಳು, ಉತ್ತರ ಕನ್ನಡದಲ್ಲಿ ಹರಿಕಂತ್ರರು, ಅಂಬಿಗರು, ಗಾಬಿತರು, ದಾಲ್ದಿ ಮುಸ್ಲಿಮರು, ಜೊತೆಗೆ ಕ್ರೈಸ್ತ ಮೀನುಗಾರರು ಈ ಕಸುಬಿನವರು. ಮಾತು ತುಳು, ಕೊಂಕಣಿ, ಕುಂದಗನ್ನಡ, ನವಾಯತಿ ಎಂದು ಊರಿಂದೂರಿಗೆ ಬದಲಾದರೂ ದೋಣಿಯೊಳಗಿನ ಶಿಸ್ತು ಒಂದೇ ಬಗೆಯದು. ಚುಕ್ಕಾಣಿ ಹಿಡಿದವನ, ಅಂದರೆ ತಾಂಡೇಲನ, ಮಾತು ನೀರಿನ ಮೇಲೆ ಕೊನೆಯದು. ದಡದಲ್ಲಿ ಅವನು ತಮ್ಮನೇ ಆಗಿದ್ದರೂ ದೋಣಿಯಲ್ಲಿ ಅಣ್ಣ ಅವನ ಮಾತು ಕೇಳುತ್ತಾನೆ.

ಸಂಬಳದ ಲೆಕ್ಕ ಇಲ್ಲಿಲ್ಲ, ಪಾಲಿನ ಲೆಕ್ಕ. ಇಂಧನದ ಖರ್ಚು ಕಳೆದು ಉಳಿದದ್ದರಲ್ಲಿ ದೋಣಿಗೆ, ಎಂಜಿನ್ನಿಗೆ, ಬಲೆಗೆ, ದುಡಿದವರಿಗೆ ಇಷ್ಟಿಷ್ಟು ಎಂದು ಹಂಚಿಕೆಯಾಗುತ್ತದೆ. ಮೀನು ಏಲಂಗೆ ಹೋಗುವ ಮೊದಲೇ ಪ್ರತಿ ಮನೆಯ ಸಾರಿಗೆ ಒಂದಷ್ಟು ತೆಗೆದಿಡುತ್ತಾರೆ. ದಡಕ್ಕೆ ಬಂದ ಮೇಲಿನ ವ್ಯವಹಾರ ಹೆಂಗಸರದು. ದರ ಕೂಗುವುದು, ಬುಟ್ಟಿ ಹೊತ್ತು ಕೇರಿ ತಿರುಗುವುದು, ಸಾಲದ ಲೆಕ್ಕ ನೋಡುವುದು, ಹೆಚ್ಚಾದ ಮೀನಿಗೆ ಉಪ್ಪು ಹಾಕಿ ಒಣಗಿಸುವುದು ಎಲ್ಲವೂ ಅವರ ಕೈಯಲ್ಲಿ. ಸಣ್ಣ ದೋಣಿಯ ಮೀನುಗಾರಿಕೆ ಗಂಡಸರ ಕೆಲಸವೆಂದು ಬರೆದಿಟ್ಟವರು ಅರ್ಧ ಕೆಲಸವನ್ನಷ್ಟೇ ನೋಡಿದ್ದಾರೆ.

ಕೂಡಿ ಮಾಡುವ ಮೀನುಗಾರಿಕೆಯ ದೊಡ್ಡ ರೂಪ ರಂಪಣಿ. ಗೋವಾ ಕಡೆಯಿಂದ ಕರಾವಳಿಗೆ ಬಂದ ಈ ಬಲೆ ಕಿಲೋಮೀಟರಿಗೂ ಹೆಚ್ಚು ಉದ್ದ. ದೋಣಿಯೊಂದು ಮೀನಿನ ಗುಂಪನ್ನು ಬಳಸಿ ಕಡಲಲ್ಲಿ ಬಲೆ ಇಳಿಸುತ್ತ ಬರುತ್ತಿತ್ತು. ದಡದಲ್ಲಿ ನೂರರ ಸುಮಾರಿನ ಜನ ಎರಡು ಸಾಲಾಗಿ ನಿಂತು ಹಗ್ಗ ಎಳೆಯುತ್ತಿದ್ದರು. ಊರಿಗೆ ಊರೇ ಪಾಲುದಾರ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು, ಬೂತಾಯಿ, ಬಂಗುಡೆಯ ಗುಂಪುಗಳನ್ನು ದಡಕ್ಕೆ ಬರುವ ಮೊದಲೇ ಸುತ್ತುಗಟ್ಟಿ ಹಿಡಿಯತೊಡಗಿದವು. ದಡದಲ್ಲಿ ಕಾದು ನಿಂತ ರಂಪಣಿಗೆ ಮೀನು ತಲುಪಲೇ ಇಲ್ಲ. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮರೆಯಾಯಿತು. ಅದರ ಸಣ್ಣ ರೂಪವಾದ ಕೈರಂಪಣಿ ಮಲ್ಪೆಯ ಪಡುಕೆರೆಯಂಥ ದಂಡೆಗಳಲ್ಲಿ ಉಳಿದಿದೆ. ಹಗ್ಗ ಎಳೆಯುವಾಗ ಕೈ ಹಚ್ಚಿದವರಿಗೆ, ಅವರು ನೆಂಟರಾಗಲಿ ದಾರಿಹೋಕರಾಗಲಿ, ಒಂದು ಹಿಡಿ ಮೀನು ಕೊಟ್ಟು ಕಳಿಸುವ ಸೌಜನ್ಯವೂ ಉಳಿದಿದೆ.

ಗಾಳಿ, ಭರತ, ಅಳಿವೆ

ಘಟ್ಟದ ಮೇಲಿನವರಿಗೆ ಮೀನು ಹಿಡಿಯುವುದೆಂದರೆ ಕೆರೆ. ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯಲ್ಲಾಗಲಿ, ಕಡೂರಿನ ಅಯ್ಯನಕೆರೆಯಲ್ಲಾಗಲಿ ನೀರಿಗೆ ಏರಿಯ ಮಿತಿಯಿದೆ. ಈ ಸೀಮೆಯ ಕೆರೆಗಳಲ್ಲಿ ಹಿಡಿಯುವ ಮೀನು ಹೆಚ್ಚಾಗಿ ಬಿತ್ತಿದ ಮೀನು. ಕಾಟ್ಲ, ರೋಹು, ಮೃಗಾಲ್, ಗೆಂಡೆಯ ಮರಿಗಳನ್ನು ತಂದು ಬಿಟ್ಟು, ಗುತ್ತಿಗೆ ಹಿಡಿದವರು ಬೆಳೆಸಿ ಹಿಡಿಯುತ್ತಾರೆ. ತೆಪ್ಪವೋ ಹರಿಗೋಲೋ ಎಲ್ಲಿ ಬಿಟ್ಟರೆ ಅಲ್ಲೇ ಹತ್ತಿರ ಇರುತ್ತದೆ. ಕಡಲಿನಲ್ಲಿ ನೀರು ನಿಂತಲ್ಲಿ ನಿಲ್ಲುವುದಿಲ್ಲ. ಕೆರೆಯಲ್ಲಿ ಈಜಿ ಪಳಗಿದವರು ಕಡಲಿನ ಬಗ್ಗೆ ಧೈರ್ಯ ತಾಳುವುದು ಇದೇ ಕಾರಣಕ್ಕೆ ಅಪಾಯದ ಸಂಗತಿ. ಆ ಅಭ್ಯಾಸ ಇಲ್ಲಿ ಕಾಲುಭಾಗವೂ ನೆರವಿಗೆ ಬಾರದು.

ಕಡಲಿನಲ್ಲಿ ಮೊದಲು ಓದಬೇಕಾದದ್ದು ಗಾಳಿ. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಎರಡಕ್ಕೂ ನಿಧಾನ. ಹೀಗಾಗಿ ಮಳೆಗಾಲ ಕಳೆದ ತಿಂಗಳುಗಳಲ್ಲಿ ರಾತ್ರಿ ತಣಿದ ನೆಲದ ಕಡೆಯಿಂದ ಕಡಲಿಗೆ ಮೂಡುಗಾಳಿ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಾದ ನೆಲದ ಕಡೆಗೆ ಪಡುಗಾಳಿ ತಿರುಗುತ್ತದೆ. ಹಾಯಿಯ ಕಾಲದಲ್ಲಿ ಈ ಎರಡು ಗಾಳಿಗಳೇ ಎಂಜಿನ್. ನಸುಕಿನ ಮೂಡುಗಾಳಿ ದೋಣಿಯನ್ನು ಹೊರಗೆ ಒಯ್ಯುತ್ತಿತ್ತು, ಹಗಲಿನ ಪಡುಗಾಳಿ ಮನೆಗೆ ತರುತ್ತಿತ್ತು. ಹಾಯಿ ಹೋದರೂ ವೇಳಾಪಟ್ಟಿ ಹಾಗೇ ಉಳಿದಿರುವುದಕ್ಕೆ ಕಾರಣವಿದೆ. ಬೆಳಗಿನ ನೀರು ಸಮವಾಗಿರುತ್ತದೆ. ಪಡುಗಾಳಿ ಬಲಿತರೆ ಮೇಲ್ಮೈ ಒಡೆದು ಕಿರುಅಲೆಗಳೇಳುತ್ತವೆ. ತುಂಬಿದ ಸಣ್ಣ ದೋಣಿಯ ಅಂಚಿಗೂ ನೀರಿಗೂ ನಡುವೆ ಉಳಿಯುವ ಗೇಣುದ್ದದ ಅಂತರಕ್ಕೆ ಆ ಅಲೆಗಳೇ ಸಾಕು.

ಎರಡನೆಯದು ಭರತ ಮತ್ತು ಇಳಿತ. ದಿನಕ್ಕೆ ಎರಡು ಭರತ, ಎರಡು ಇಳಿತ. ಇಂದಿನ ಭರತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಗುಜರಾತಿನ ಖಂಭಾತ್ ಕೊಲ್ಲಿಗೆ ಹೋಲಿಸಿದರೆ ಕರ್ನಾಟಕದ ದಂಡೆಯಲ್ಲಿ ಏರಿಳಿತ ಸಣ್ಣದು. ಆದರೆ ಹೊಳೆಗಳು ಕಡಲು ಸೇರುವ ಅಳಿವೆಯ ಬಾಯಲ್ಲಿ ಅದೇ ದೊಡ್ಡದಾಗುತ್ತದೆ.

ಅಳಿವೆ ಎಂಬುದು ಸಣ್ಣ ದೋಣಿಯ ಪಾಲಿಗೆ ಇಡೀ ಪಯಣದ ಕಠಿಣ ಜಾಗ. ಸೌಪರ್ಣಿಕಾ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡುವ ಗಂಗೊಳ್ಳಿ, ಶರಾವತಿ ಸೇರುವ ಹೊನ್ನಾವರ, ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಸೇರುವ ಮಂಗಳೂರಿನ ಬೆಂಗ್ರೆ, ಎಲ್ಲ ಕಡೆಯೂ ಹೊಳೆ ತಂದ ಹೂಳು ಮತ್ತು ಕಡಲು ತಂದ ಮರಳು ಸೇರಿ ಬಾಯಲ್ಲಿ ದಿಬ್ಬ ಕಟ್ಟುತ್ತವೆ. ಇಳಿತದ ಹೊತ್ತಿಗೆ ಹೊಳೆಯ ನೀರು ರಭಸದಿಂದ ಹೊರಗೆ ನುಗ್ಗುತ್ತದೆ, ಎದುರಿನಿಂದ ಕಡಲ ಅಲೆ ಒಳಗೆ ಬರುತ್ತದೆ. ಎರಡೂ ಡಿಕ್ಕಿಯಾದಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ಮುರಿಯುತ್ತದೆ. ಅನುಭವಸ್ಥರು ಏರುವ ಭರತಕ್ಕೋ, ನೀರು ನಿಂತಂತಾಗುವ ಗಳಿಗೆಗೋ ಕಾಯುತ್ತಾರೆ. ಒಳಗೆ ಬರುವಾಗ ದೋಣಿ ಅಲೆಯ ಬೆನ್ನ ಮೇಲೆ ಕೂರಬೇಕು. ಅಲೆಯ ಮುಂದೆ ಓಡಿದರೆ ಹಿಂಭಾಗ ಎತ್ತಿ, ದೋಣಿ ಅಡ್ಡ ತಿರುಗಿ ಮಗುಚುತ್ತದೆ. ಕಡಲ ನಡುವಿನಲ್ಲಿ ಆಗದ ಅನಾಹುತ, ಮನೆ ಕಣ್ಣಿಗೆ ಕಾಣುವ ಅಳಿವೆಯಲ್ಲಿ ಆಗುವುದು ಇದರಿಂದ.

ಹೊತ್ತು ಮತ್ತು ಋತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಕಡಲಿನಲ್ಲಿ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಆ ನೀರಿನಲ್ಲಿರುವ ಪೋಷಕಾಂಶಗಳಿಂದ ಸೂಕ್ಷ್ಮಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಅವನ್ನು ತಿನ್ನುವ ಬೂತಾಯಿ, ಉತ್ತರ ಕನ್ನಡದವರ ಬಾಯಲ್ಲಿ ತಾರ್ಲೆ, ದಡದ ಹತ್ತಿರ ಗುಂಪುಗಟ್ಟುತ್ತದೆ. ಮಳೆಗಾಲದಲ್ಲಿ ಕಡಲು ಒಮ್ಮೆ ಜೋರಾಗಿ ಎದ್ದು ತಳದ ಕೆಸರು ಕದಡುವುದನ್ನು ಮೀನುಗಾರರು ತೂಫಾನ್ ಎನ್ನುತ್ತಾರೆ. ತೂಫಾನ್ ಆದ ಮೇಲೆ ಕಡಲು ತುಸು ತಣಿದ ದಿನಗಳಲ್ಲಿ ಸಿಗಡಿ ಮತ್ತಿತರ ಮೀನು ದಡದ ಕಡೆಗೆ ಬರುತ್ತದೆ. ಯಾಂತ್ರಿಕ ಬೋಟುಗಳೆಲ್ಲ ನಿಷೇಧದಿಂದ ಲಂಗರು ಹಾಕಿ ನಿಂತಿರುವ ಜೂನ್, ಜುಲೈ ತಿಂಗಳುಗಳೇ ನಾಡದೋಣಿಯ ಮುಖ್ಯ ದುಡಿಮೆಯ ಕಾಲ. ಉಡುಪಿ ಕಡೆಯ ಮಾಟುಬಲೆ, ಬೈಂದೂರು ಉಪ್ಪುಂದ ಕಡೆಯ ರಾಣಿಬಲೆಗಳಲ್ಲಿ ಹತ್ತಾರು ಜನ ಸೇರಿ ಇಳಿಯುತ್ತಾರೆ. ಕಸುಬಿನವರಿಗೂ ಇದು ಜೀವ ಒತ್ತೆಯಿಡುವ ಕೆಲಸ. ನೆಂಟರನ್ನು, ಮಕ್ಕಳನ್ನು ದೋಣಿಗೆ ಹತ್ತಿಸುವ ಮಾತು ಆ ತಿಂಗಳುಗಳಲ್ಲಿ ಎತ್ತುವಂತೆಯೇ ಇಲ್ಲ.

ಶ್ರಾವಣದ ನೂಲಹುಣ್ಣಿಮೆಯ ದಿನ ಸಮುದ್ರಪೂಜೆ ನಡೆಯುತ್ತದೆ. ಮಲ್ಪೆಯವರು ವಡಭಾಂಡೇಶ್ವರದ ಬಲರಾಮನಿಗೂ ಕಡಲಿನ ದೈವವಾದ ಬೊಬ್ಬರ್ಯನಿಗೂ ಪೂಜೆ ಸಲ್ಲಿಸಿ, ಮೆರವಣಿಗೆಯಲ್ಲಿ ದಂಡೆಗೆ ಹೋಗಿ ಹಾಲು, ಹೂ, ತೆಂಗಿನಕಾಯಿ ಅರ್ಪಿಸುತ್ತಾರೆ. ಮನೆಮಂದಿಯೊಂದಿಗೆ ಕಡಲಿಗೆ ಹೋಗಲು ಹಿತವಾದ ಕಾಲ ಮಳೆ ಪೂರ್ತಿ ಹಿಂದೆಗೆದ ಮೇಲೆ, ನವೆಂಬರ್‌ನಿಂದ ಮಾರ್ಚ್‌ವರೆಗೆ. ಆಗ ನೀರು ತಿಳಿ, ಬೆಳಗು ನಿಶ್ಚಲ. ಏಪ್ರಿಲ್, ಮೇನಲ್ಲಿ ಬಿಸಿಲು ಹೆಚ್ಚು, ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವ ಸಂಭವವೂ ಇದೆ; 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ಕರಾವಳಿಯ ಮನೆ, ರಸ್ತೆ, ದೋಣಿಗಳಿಗೆ ದೊಡ್ಡ ಹಾನಿ ಮಾಡಿತು.

ಹವಾಮಾನ ಇಲಾಖೆಯ ಎಚ್ಚರಿಕೆಯ ಜೊತೆಗೆ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರ, ಗಾಳಿ, ಸೆಳೆತಗಳ ಮುನ್ಸೂಚನೆಯನ್ನೂ ಮೀನು ಸಿಗಬಹುದಾದ ವಲಯಗಳ ಮಾಹಿತಿಯನ್ನೂ ಕೊಡುತ್ತದೆ. ಈ ಮುನ್ಸೂಚನೆ ಈಗ ಮೊಬೈಲಿಗೇ ಬರುತ್ತದೆ. ಹಿರಿಯರ ಕಣ್ಣಂದಾಜು ಮತ್ತು ಮೊಬೈಲಿನ ಸಂದೇಶ ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಹೊರಡುವ ತಾಂಡೇಲನೇ ಒಳ್ಳೆಯ ತಾಂಡೇಲ. ಎರಡರಲ್ಲಿ ಯಾವುದೊಂದು ಬೇಡವೆಂದರೂ ಅಂದಿಗೆ ಕಡಲು ಬೇಡ.

ನೀರಿನ ಮೇಲೆ

ಹೊರಡುವ ಹಿಂದಿನ ಸಂಜೆಯೇ ಕೆಲಸ ಶುರು. ಬಲೆಯನ್ನು ಸಿಕ್ಕಿಲ್ಲದಂತೆ ಸುತ್ತಿ ಇಡುವುದು, ಇಂಧನವನ್ನು ಹೋಗಲು ಒಂದು ಪಾಲು, ಬರಲು ಒಂದು ಪಾಲು, ತುರ್ತಿಗೆ ಇನ್ನೊಂದು ಪಾಲು ಎಂದು ಅಳೆಯುವುದು, ಎಂಜಿನ್ ಕೈಕೊಟ್ಟರೆ ಬೇಕಾಗುವ ಹುಟ್ಟು, ಲಂಗರಿನ ಹಗ್ಗ, ನೀರು ಎತ್ತಿ ಚೆಲ್ಲುವ ಡಬ್ಬ, ಟಾರ್ಚು, ಕುಡಿಯುವ ನೀರು ಜೋಡಿಸುವುದು. ಫೈಬರ್ ದೋಣಿಯನ್ನು ಮರಳಿನ ಮೇಲಿಂದ ನೀರಿಗೆ ತಳ್ಳುವಾಗ ಹೆಗಲು ಕೊಡುವವರಲ್ಲಿ ಆ ದೋಣಿಯವರಷ್ಟೇ ಇರುವುದಿಲ್ಲ. ಅಕ್ಕಪಕ್ಕದ ದೋಣಿಯವರು ಬಂದು ಕೈಹಚ್ಚಿ, ತಮ್ಮ ದೋಣಿಗೆ ಅದೇ ನೆರವು ಪಡೆಯುತ್ತಾರೆ.

ದಡ ದಾಟಿದ ಮೇಲೆ ದಿಕ್ಕಿಗೆ ನೆಲದ ಗುರುತುಗಳೇ ಆಧಾರ. ಹತ್ತಿರದ ಒಂದು ಗುರುತು, ದೂರದ ಒಂದು ಗುರುತು ಎರಡೂ ಒಂದೇ ಗೆರೆಗೆ ಬಂದಾಗ ದೋಣಿ ಯಾವ ಗೆರೆಯ ಮೇಲಿದೆ ಎಂದು ತಿಳಿಯುತ್ತದೆ. ಇನ್ನೊಂದು ಜೋಡಿ ಸಿಕ್ಕರೆ ಜಾಗವೇ ಗೊತ್ತಾಯಿತು. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ, ಮುರ್ಡೇಶ್ವರದ ಎತ್ತರದ ಗೋಪುರ ಮತ್ತು ಶಿವನ ಮೂರ್ತಿ, ದೇವಸ್ಥಾನದ ಧ್ವಜಸ್ತಂಭ, ಮೊಬೈಲ್ ಟವರ್ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ದೂರದ ಗುರುತಿಗೆ ಘಟ್ಟದ ಶಿಖರಗಳಿವೆ. 1,894 ಮೀಟರ್ ಎತ್ತರದ ಕುದುರೆಮುಖ ಬಹು ಹಿಂದಿನಿಂದಲೂ ನಾವಿಕರಿಗೆ ದಾರಿ ತೋರಿದೆ. ಬುಕ್ಕಾಂಬುಧಿ ಇರುವ ಚಿಕ್ಕಮಗಳೂರು ಜಿಲ್ಲೆಯ ಬೆಟ್ಟವೊಂದು ಕರಾವಳಿಯ ದೋಣಿಗಳನ್ನು ಮನೆ ಮುಟ್ಟಿಸುತ್ತ ಬಂದಿದೆ ಎಂಬುದು ಆ ಜಿಲ್ಲೆಯವರು ಹೆಮ್ಮೆಪಡಬಹುದಾದ ಮಾತು. ಈಗ ಹಲವು ದೋಣಿಗಳಲ್ಲಿ ಜಿಪಿಎಸ್ ಇದೆ. ಬ್ಯಾಟರಿ ಮುಗಿದ ದಿನ ಹಳೆಯ ಗೆರೆಗಳೇ ನೆನಪಿಗೆ ಬರಬೇಕು.

ಮೀನು ಎಲ್ಲಿದೆ ಎಂಬುದಕ್ಕೆ ಕಡಲೇ ಸೂಚನೆ ಕೊಡುತ್ತದೆ. ಹಕ್ಕಿಗಳು ಒಂದೇ ಕಡೆ ಎರಗುವುದು, ನೀರಿನ ಬಣ್ಣ ತುಸು ಕೆಂಪಗೋ ಕಪ್ಪಗೋ ತಿರುಗುವುದು, ಗಾಳಿಯಿಲ್ಲದೆಯೂ ಒಂದು ತುಣುಕು ನೀರು ನಡುಗುವುದು. ಕತ್ತಲ ಪಕ್ಷದ ರಾತ್ರಿಗಳಲ್ಲಿ ಮೀನಿನ ಗುಂಪು ಚಲಿಸಿದಾಗ ನೀರಿನೊಳಗಿನ ಸೂಕ್ಷ್ಮಜೀವಿಗಳು ಮಿನುಗುತ್ತವೆ. ಆ ಬೆಳಕಿನ ಅಗಲ, ವೇಗ ನೋಡಿ ಅದು ಬೂತಾಯಿಯೋ ಬಂಗುಡೆಯೋ ಎಂದು ಹೇಳುವವರಿದ್ದಾರೆ. 2020ರ ನವೆಂಬರ್‌ನಲ್ಲಿ ಉಡುಪಿಯ ಪಡುಕೆರೆ, ಮಟ್ಟು ಕಡಲ ತೀರದ ಅಲೆಗಳು ನೀಲಿಯಾಗಿ ಹೊಳೆದು ಜನ ರಾತ್ರಿ ನೋಡಲು ಮುಗಿಬಿದ್ದರು. ಅದೂ ಅಂಥ ಸೂಕ್ಷ್ಮಜೀವಿಗಳು ಅತಿಯಾಗಿ ಹೆಚ್ಚಿದ್ದರ ಫಲ.

ಸಣ್ಣ ದೋಣಿಯ ಮುಖ್ಯ ಸಲಕರಣೆ ಕಂತುಬಲೆ. ಮೇಲಂಚಿಗೆ ಬೆಂಡು, ಕೆಳಂಚಿಗೆ ಸೀಸದ ಮಣಿ ಕಟ್ಟಿದ ಈ ಬಲೆ ನೀರಿನಲ್ಲಿ ಗೋಡೆಯಂತೆ ನಿಲ್ಲುತ್ತದೆ. ಮೀನು ಕಣ್ಣಿಯೊಳಗೆ ತಲೆ ತೂರಿಸುತ್ತದೆ, ದೇಹ ಹಿಡಿಸುವುದಿಲ್ಲ, ಹಿಂದೆ ಸರಿದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಕಣ್ಣಿಯ ಅಳತೆಯೇ ಯಾವ ಮೀನು ಬೇಕೆಂಬುದನ್ನು ಆರಿಸುತ್ತದೆ. ಸಣ್ಣ ಕಣ್ಣಿಗೆ ಬೂತಾಯಿ, ಅದಕ್ಕಿಂತ ದೊಡ್ಡದಕ್ಕೆ ಬಂಗುಡೆ, ಇನ್ನೂ ದೊಡ್ಡದಕ್ಕೆ ಅಂಜಲ್. ಕಾರವಾರದವರು ಇದನ್ನೇ ಇಸ್ವಾಣ ಎನ್ನುತ್ತಾರೆ. ಮರಿಗಳು ಕಣ್ಣಿ ದಾಟಿ ಪಾರಾಗುತ್ತವೆ. ಬಲೆ ಎಳೆಯುವಾಗ ಆಮೆ ಸಿಕ್ಕಿದ್ದರೆ ಕಣ್ಣಿ ಕತ್ತರಿಸಿ ಬಿಡುವವರು ಈ ಕರಾವಳಿಯಲ್ಲಿದ್ದಾರೆ. ಕುಂದಾಪುರದ ಕೋಡಿ, ಹೊನ್ನಾವರದ ಟೊಂಕದ ದಂಡೆಗಳಲ್ಲಿ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಆಮೆ ಕಾನೂನಿನ ಪ್ರಕಾರವೂ ರಕ್ಷಿತ ಜೀವಿ.

ನೆಂಟರು, ಗೆಳೆಯರು ಜೊತೆಗಿರುವ ದಿನ ಬಲೆಗಿಂತ ಗಾಳವೇ ಚೆನ್ನ. ತಂಗೂಸು ಹುರಿ, ಸೀಸದ ಗುಂಡು, ಒಂದೆರಡು ಗಾಳ, ಎರೆಗೆ ಸಿಗಡಿಯೋ ಬೂತಾಯಿಯ ತುಂಡೋ ಬೊಂಡಾಸಿನ ಪಟ್ಟಿಯೋ ಇದ್ದರೆ ಸಾಕು. ಕಲ್ಲುಬಂಡೆಗಳಿರುವ ತಳದ ಮೇಲೆ ಲಂಗರು ಹಾಕಿ, ಗುಂಡು ತಳ ಮುಟ್ಟಿದ ಮೇಲೆ ಮೊಳದಷ್ಟು ಎತ್ತಿ ಹಿಡಿದು ಕಾಯಬೇಕು. ಹುರಿಯನ್ನು ತೋರುಬೆರಳಿನ ಮೇಲೆ ಹಾಯಿಸಿ ಹಿಡಿದರೆ ಎಳೆತ ತಿಳಿಯುತ್ತದೆ. ಕೈಗೆ ಸುತ್ತಿಕೊಂಡರೆ ದೊಡ್ಡ ಮೀನು ಎಳೆದಾಗ ಬೆರಳು ಕತ್ತರಿಸುತ್ತದೆ. ಮುರು, ಕೊಕ್ಕರ್ ಇಂಥ ಕಡೆ ಸಿಗುವ ಮೀನುಗಳು. ಬಂದದ್ದನ್ನೆಲ್ಲ ಬರಿಗೈಯಲ್ಲಿ ಹಿಡಿಯಬಾರದು. ತೊರಕೆಯ ಬಾಲದಲ್ಲಿ ವಿಷದ ಮುಳ್ಳಿದೆ. ಚುಚ್ಚಿಸಿಕೊಂಡರೆ ಸುಡದಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗ ಮುಳುಗಿಸಿಟ್ಟರೆ ನೋವು ಇಳಿಯುತ್ತದೆ, ಆಮೇಲೆ ವೈದ್ಯರು ನೋಡಬೇಕು. ಬಲೆಗೆ ಬರುವ ಕಡಲಹಾವು ವಿಷಕಾರಿ. ಅದನ್ನು ಬಿಡಿಸುವ ಕೆಲಸ ಪಳಗಿದವರದು.

ಹೊಸಬರಿಗೆ ವಾಂತಿಯ ಬಾಧೆ ಸಾಮಾನ್ಯ. ಕಣ್ಣು ದೋಣಿಯನ್ನು ನಿಶ್ಚಲವೆಂದು ನೋಡುತ್ತದೆ, ಒಳಗಿವಿ ಅಲುಗಾಟವನ್ನು ಹೇಳುತ್ತದೆ. ಎರಡರ ತಾಳ ತಪ್ಪಿದ್ದೇ ಕಾರಣ. ಆದ್ದರಿಂದ ದೋಣಿಯ ನಡುವೆ ಕೂತು ದೂರದ ದಿಗಂತ ನೋಡಬೇಕು, ಮೊಬೈಲ್ ನೋಡಬಾರದು, ಸೀಮೆಎಣ್ಣೆಯ ವಾಸನೆಯಿಂದ ದೂರವಿರಬೇಕು. ಬೆಳಗ್ಗೆ ಗಂಜಿಯಂಥ ಹಗುರ ಊಟ ಸಾಕು. ಖಾಲಿ ಹೊಟ್ಟೆಯೂ ತುಂಬಿದ ಹೊಟ್ಟೆಯೂ ಒಳ್ಳೆಯದಲ್ಲ. ಯಾರಿಗಾದರೂ ತೀರಾ ಬಳಲಿಕೆಯಾದರೆ ದೋಣಿ ತಿರುಗಿಸಬೇಕು. ಮೀನು ಬೀಳುವ ಹೊತ್ತೆಂದು ಇನ್ನರ್ಧ ಗಂಟೆ ತಳ್ಳುವುದು ಅತಿಥಿಗೆ ಮಾಡುವ ಅನ್ಯಾಯ.

ಭಾರದ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಮನೆಯವರು, ನೆಂಟರು ಎಲ್ಲ ಸೇರಿದಾಗ ಇನ್ನೊಬ್ಬರಿರಲಿ, ಮಗು ತಾನೇ, ತೊಡೆಯ ಮೇಲೆ ಕೂರುತ್ತದೆ ಎಂಬ ಮಾತು ಬರುತ್ತದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು, ಘಟ್ಟದ ಮೇಲಿನ ಊರಿಂದ ಬಂದವರೂ ಇದ್ದರು. ಅದು ಮಳೆಗಾಲವಲ್ಲ, ರಾತ್ರಿಯೂ ಅಲ್ಲ. ತೆರೆದ ಸಣ್ಣ ದೋಣಿಯಲ್ಲಿ ಜನರ ಸಂಖ್ಯೆಯನ್ನು ತಾಂಡೇಲ ಹೇಳಬೇಕು, ಯಜಮಾನರಲ್ಲ. ಮಗುವಿನಿಂದ ಹಿಡಿದು ಈಜು ಬಲ್ಲವರವರೆಗೆ ಪ್ರತಿಯೊಬ್ಬರೂ ಲೈಫ್ ಜಾಕೆಟ್ಟನ್ನು ದಡದಲ್ಲೇ ತೊಟ್ಟು, ಪಟ್ಟಿ ಬಿಗಿದು ಹತ್ತಬೇಕು. ಸೀಟಿನ ಕೆಳಗೆ ಮಡಿಸಿಟ್ಟ ಜಾಕೆಟ್ ಮಗುಚಿದ ದೋಣಿಯ ಕೆಳಗೇ ಉಳಿಯುತ್ತದೆ. ಮೀನುಗಾರಿಕೆಗೆ ನೋಂದಾಯಿಸಿದ ದೋಣಿ ಪ್ರವಾಸಿಗರಿಂದ ಹಣ ಪಡೆದು ಸಾಗಿಸುವ ದೋಣಿಯಲ್ಲ. ಪರಿಚಯವಿಲ್ಲದವರು ಪರವಾನಗಿ ಇರುವ ಪ್ರವಾಸಿ ದೋಣಿಯನ್ನೇ ಹಿಡಿಯಬೇಕು. ತುರ್ತಿಗೆ ಕೋಸ್ಟ್ ಗಾರ್ಡ್‌ನ 1554 ಸಂಖ್ಯೆ ಮೊಬೈಲಿನಲ್ಲಿರಬೇಕು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ದಡದಲ್ಲಿರುವ ಒಬ್ಬರಿಗೆ ಹೇಳಿಯೇ ಹೊರಡಬೇಕು.

ದಡಕ್ಕೆ ಬಂದ ಮೇಲೆ

ಹಿಡಿದ ಮೀನು ಬಿಸಿಲಿಗೆ ಬಿದ್ದ ಗಳಿಗೆಯಿಂದ ಕೆಡಲು ಶುರುವಾಗುತ್ತದೆ. ಬಂಗುಡೆಯಂಥ ಮೀನಿನಲ್ಲಿ ಶಾಖ ಏರಿದರೆ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಅದು ಬೇಯಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮೈ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ. ಆದ್ದರಿಂದ ಪುಟ್ಟ ಪಯಣಕ್ಕೂ ಮಂಜುಗಡ್ಡೆಯ ಪೆಟ್ಟಿಗೆ ಬೇಕು. ಒಂದು ಪಾಲು ಮೀನಿಗೆ ಒಂದು ಪಾಲು ಮಂಜುಗಡ್ಡೆ ಎಂಬುದು ರೂಢಿಯ ಲೆಕ್ಕ. ಘಟ್ಟ ಹತ್ತಿ ತರೀಕೆರೆ, ಕಡೂರಿನ ಕಡೆಗೆ ಒಯ್ಯುವವರು ಕರುಳು ಕಿವಿರು ತೆಗೆಸಿ, ಮಂಜಿನ ನಡುವೆ ಪದರ ಪದರವಾಗಿ ಇಡಿಸಿಕೊಳ್ಳುವುದು ಒಳ್ಳೆಯದು.

ಅಡುಗೆ ಊರಿಂದೂರಿಗೆ ಬೇರೆ. ಮಂಗಳೂರು, ಉಡುಪಿಯಲ್ಲಿ ಬಂಗುಡೆಯ ಪುಳಿಮುಂಚಿ, ಹುಣಸೆ ಮತ್ತು ಒಣಮೆಣಸಿನ ಖಾರದ್ದು. ಉತ್ತರ ಕನ್ನಡದವರು ಬಂಗುಡೆ, ತಾರ್ಲೆಯ ಸಾರಿಗೆ ಜುಮ್ಮನಕಾಯಿ ಹಾಕುತ್ತಾರೆ. ಅದರ ಜುಮ್ಮೆನ್ನುವ ಪರಿಮಳ ಎಣ್ಣೆಮೀನಿನ ಕಮಟನ್ನು ತಣಿಸುತ್ತದೆ. ಕುಂದಾಪುರದ ಮೀನುಸಾರಿಗೆ ಕುಚ್ಚಲಕ್ಕಿ ಅನ್ನವೇ ಜೊತೆ. ಕಾಣೆಯನ್ನು ರವೆಯಲ್ಲಿ ಹೊರಳಿಸಿ ಹುರಿಯುವುದೂ, ಹೆಚ್ಚು ಸಿಕ್ಕ ಬೂತಾಯಿಯನ್ನು ಬಾಳೆಎಲೆಯಲ್ಲಿ ಸುಡುವುದೂ ಉಂಟು. ಕೆರೆಮೀನಿಗೆ ಒಗ್ಗಿದ ಮಲೆನಾಡಿನ ಅಂಚಿನವರಿಗೆ ಕಡಲಮೀನಿನ ರುಚಿಯಲ್ಲಿ ಮೊದಲು ಗೊತ್ತಾಗುವುದು ಅದಕ್ಕೆ ಮಣ್ಣಿನ ವಾಸನೆ ಇಲ್ಲದಿರುವುದು.

ಈ ಸಣ್ಣ ಕಸುಬಿನ ಮೇಲೆ ಇಂದು ಹಲವು ಭಾರಗಳಿವೆ. ರಾತ್ರಿ ಪ್ರಖರ ಎಲ್‌ಇಡಿ ದೀಪ ಹಾಕಿ, ಬೆಳಕಿಗೆ ಬಂದ ಮೀನನ್ನು ಮರಿಗಳ ಸಮೇತ ಬಳಿದು ತೆಗೆಯುವ ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಆದರೂ ಅದು ನಡೆಯುತ್ತಿದೆಯೆಂದು ನಾಡದೋಣಿಯವರು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ದಡದಿಂದ 12 ನಾಟಿಕಲ್ ಮೈಲಿಯೊಳಗಿನ ಮೀನುಗಾರಿಕೆಯನ್ನು ನಿಯಂತ್ರಿಸುವ ಹೊಣೆ ರಾಜ್ಯದ್ದು, ಅದಕ್ಕೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಕಾಯ್ದೆಯ ಬಲ ದೊಡ್ಡ ಎಂಜಿನ್ನಿನ ಕಡೆಗೆ ಮೆತ್ತಗಾದಾಗ ನಷ್ಟ ಬೀಳುವುದು ಮಧ್ಯಾಹ್ನದೊಳಗೆ ಮರಳಲೇಬೇಕಾದ ದೋಣಿಗೆ. ಹತ್ತಿರದಲ್ಲಿ ಮೀನಿಲ್ಲದಿದ್ದರೆ ಅದು ದೂರ ಹೋಗಲಾರದು. ಹೋದರೆ ಇಂಧನದ ಲೆಕ್ಕ, ಗಾಳಿಯ ಲೆಕ್ಕ, ಭರತದ ಲೆಕ್ಕ ಮೂರೂ ತಪ್ಪುತ್ತವೆ.

ಮೀನು ಇಳಿಸಿದ ಮೇಲೂ ಕೆಲಸ ಬಾಕಿ. ಉಪ್ಪು ಎಂಜಿನ್ನಿನ ಒಳಕೊಳವೆಗಳನ್ನು ತಿನ್ನದಂತೆ ಸಿಹಿನೀರು ಹಾಯಿಸಿ ತೊಳೆಯಬೇಕು. ದೋಣಿಯ ತಳದ ನೀರು ಬಸಿದು, ಭರತ ಮುಟ್ಟದ ಎತ್ತರಕ್ಕೆ ಅದನ್ನು ಎಳೆಯಬೇಕು. ಬಲೆಯನ್ನು ಕೊಡವಿ, ಕಸ ಆರಿಸಿ, ನೆರಳಲ್ಲಿ ಹರಡಬೇಕು. ನೈಲಾನು ಬಿಸಿಲಿಗೆ ಬಿರುಸಾಗಿ ಬೇಗ ಹರಿಯುತ್ತದೆ. ಹರಿದ ಕಣ್ಣಿಗಳನ್ನು ನೂಲು, ಸೂಜಿ ಹಿಡಿದು ಮನೆಯವರೆಲ್ಲ ಕೂತು ಹೆಣೆಯುತ್ತಾರೆ. ಆ ಹೊತ್ತಿಗೆ ಸಂಜೆಯ ಮುನ್ಸೂಚನೆ ಬಂದಿರುತ್ತದೆ. ನಾಳೆಯ ಭರತ ಎಷ್ಟು ಗಂಟೆಗೆ, ಗಾಳಿ ಯಾವ ಕಡೆಗೆ ಎಂದು ನೋಡಿ ತಾಂಡೇಲ ಹೊರಡುವ ಹೊತ್ತನ್ನು ಹೇಳುತ್ತಾನೆ, ಅಥವಾ ನಾಳೆ ಬೇಡ ಎನ್ನುತ್ತಾನೆ.